ಮೆಲ್ಲಗೆ ಕೇಳುವವರಿಗೆ ಯಾವ ಸ್ಪೀಕರ್?

ನಮ್ಮ ಮನೆಯಲ್ಲಿ ರಾತ್ರಿ ಎಂಟೂವರೆ ಆಯಿತೆಂದರೆ ಅಪ್ಪ ಮಲಗಿಬಿಡುತ್ತಾರೆ. ಪಕ್ಕದ ಕೋಣೆಯಲ್ಲಿ ಮಗಳು ಓದುತ್ತಿರುತ್ತಾಳೆ. ನನಗೆ ಹಾಡು ಕೇಳೋಣ ಅನ್ನಿಸುವುದೂ ಸರಿಯಾಗಿ ಅದೇ ಹೊತ್ತಿಗೆ. ಸದ್ದು ಕಮ್ಮಿ ಇಡಲು ಇನ್ನೊಂದು ಕಾರಣವೂ ಇದೆ. ತೋಟದ ಮಧ್ಯೆ ಮನೆ ಇರುವವರಿಗೆ ಅದನ್ನು ಹೇಳಬೇಕಾಗಿಲ್ಲ. ಹಲಸು ಹಣ್ಣಾಗುವ ಕಾಲದಲ್ಲಿ ಆನೆ ಬರುತ್ತದೆ, ಒಂದು ಕಿವಿ ಯಾವಾಗಲೂ ಹೊರಗಿರಬೇಕು. ನಮ್ಮ ಕೊಡಗಿನ ಸಿದ್ದಾಪುರದ ಕಡೆ ಕೇಳಿ ನೋಡಿ. ಕೊಂಬೆ ಮುರಿದ ಸದ್ದಾಗಲಿ, ನಾಯಿ ಬೊಗಳುವ ರೀತಿ ಬದಲಾದದ್ದಾಗಲಿ ಕೇಳಿಸದಷ್ಟು ಜೋರಾಗಿ ಹಾಡು ಹಾಕಿಕೊಂಡು ಕೂರುವವರು ಅಲ್ಲಿ ಸಿಗುವುದು ಕಷ್ಟ.

ಅಂಗಡಿಗೆ ಹೋದರೆ ಇದು ಯಾರಿಗೂ ಅರ್ಥವಾಗುವುದಿಲ್ಲ. "ಎಷ್ಟು ವಾಟ್ ಬೇಕು ಸಾರ್?" ಅಂತ ಅವರು. "ಎಷ್ಟು ಮೆಲ್ಲಗೆ ಇಟ್ಟರೂ ಚೆನ್ನಾಗಿ ಕೇಳಿಸುತ್ತೆ?" ಅಂತ ನಾನು. ಕಾಫಿಗೆ ಒಳ್ಳೆ ರೇಟು ಸಿಕ್ಕ ಒಂದು ವರ್ಷ ನಾನೂ ಅವರ ಮಾತು ಕೇಳಿ ಸೊಂಟದೆತ್ತರದ ಒಂದು ಜೋಡಿ ಟವರ್ ಸ್ಪೀಕರ್ ತಂದೆ. ಅಂಗಡಿಯಲ್ಲಿ ಎದೆ ನಡುಗಿಸಿದ ಸ್ಪೀಕರ್ ಅದು. ಮನೆಗೆ ಬಂದ ಮೇಲೆ ರಾತ್ರಿ ಹೊತ್ತಿನ ವಾಲ್ಯೂಮಿನಲ್ಲಿ ತಗಡಿನ ಡಬ್ಬಿಯೊಳಗೆ ಯಾರೋ ಹಾಡಿದಂತೆ ಕೇಳಿಸಿತು. ತಬಲಾ ಇತ್ತು, ಅದರ ಜೊತೆಯ ದಪ್ಪ ದನಿಯ ಡಗ್ಗಾ ಇರಲಿಲ್ಲ. ತಂಬೂರಿಯಂತೂ ಎಲ್ಲೋ ಹೊರಟುಹೋಗಿತ್ತು. ಎರಡು ವರ್ಷ ಅದರ ಮೇಲೆ ಹೂದಾನಿ ಇಟ್ಟುಕೊಂಡಿದ್ದು ಸಾಕಾಗಿ ಕೊನೆಗೆ ಮಾರಿದೆ.

ಸ್ಪೀಕರಿನ ತಪ್ಪು ಅಂದುಕೊಂಡಿದ್ದೆ. ಅರ್ಧ ತಪ್ಪು ನನ್ನ ಕಿವಿಯದ್ದು.

ಕಿವಿಯ ಲೆಕ್ಕ

1933ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿ ಫ್ಲೆಚರ್ ಮತ್ತು ಮನ್ಸನ್ ಅನ್ನುವ ಇಬ್ಬರು ಜನರ ಕಿವಿಯನ್ನು ಅಳೆದು ಒಂದು ನಕ್ಷೆ ಬರೆದರು. ಸದ್ದು ಕಡಿಮೆಯಾದಂತೆ ನಮ್ಮ ಕಿವಿಗೆ ಮೊದಲು ಕಾಣೆಯಾಗುವುದು ದಪ್ಪ ದನಿ, ಅಂದರೆ ಬೇಸ್. ಮಧ್ಯದ ದನಿ, ಅಂದರೆ ಮಾತು, ಮಗುವಿನ ಅಳು, ಅಂಥದ್ದೆಲ್ಲ ಕೊನೆಯವರೆಗೂ ಉಳಿಯುತ್ತದೆ. ಆ ನಕ್ಷೆ ಮುಂದೆ ತಿದ್ದುಪಡಿಯಾಗಿ ಐಎಸ್‌ಒ 226 ಅನ್ನುವ ಅಂತರರಾಷ್ಟ್ರೀಯ ಮಾನದಂಡವಾಯಿತು.

ಅದರ 2003ರ ಆವೃತ್ತಿಯ ಪ್ರಕಾರ ಲೆಕ್ಕ ಹೀಗಿದೆ. ಹರ್ಟ್ಸ್ ಅಂದರೆ ದನಿ ಎಷ್ಟು ದಪ್ಪ, ಎಷ್ಟು ತೆಳು ಅನ್ನುವ ಅಳತೆ (ಕಡಿಮೆಯಾದಷ್ಟೂ ದಪ್ಪ), ಡೆಸಿಬಲ್ ಅಂದರೆ ಎಷ್ಟು ಜೋರು ಅನ್ನುವ ಅಳತೆ. 1000 ಹರ್ಟ್ಸ್ ಸ್ವರವೊಂದು 40 ಡೆಸಿಬಲ್‌ನಲ್ಲಿ ಎಷ್ಟು ಜೋರಾಗಿ ಕೇಳಿಸುತ್ತದೋ, 50 ಹರ್ಟ್ಸ್ ಸ್ವರ ಅಷ್ಟೇ ಜೋರಾಗಿ ಕೇಳಿಸಲು ಸುಮಾರು 78 ಡೆಸಿಬಲ್ ಬೇಕು. ವ್ಯತ್ಯಾಸ 38. ಅದೇ 1000 ಹರ್ಟ್ಸನ್ನು 80 ಡೆಸಿಬಲ್‌ಗೆ ಏರಿಸಿದರೆ 50 ಹರ್ಟ್ಸ್‌ಗೆ ಸುಮಾರು 102 ಸಾಕು. ವ್ಯತ್ಯಾಸ 22ಕ್ಕೆ ಇಳಿಯಿತು. ಅಂದರೆ ಜೋರಾಗಿದ್ದ ಹಾಡನ್ನು ಪಿಸುಮಾತಿನ ಮಟ್ಟಕ್ಕೆ ತಂದಾಗ ಆಳದ ಬೇಸ್ ಉಳಿದದ್ದಕ್ಕಿಂತ 16 ಡೆಸಿಬಲ್‌ನಷ್ಟು ಹೆಚ್ಚಾಗಿ ಕುಸಿಯುತ್ತದೆ. ಸ್ಟುಡಿಯೋದಲ್ಲಿ ಹಾಡನ್ನು ಹದ ಮಾಡುವವರು ಸಾಮಾನ್ಯವಾಗಿ 80 ಡೆಸಿಬಲ್ ಆಸುಪಾಸಿನಲ್ಲಿ ಕೇಳುತ್ತಾ ಮಾಡುತ್ತಾರೆ. ನಾವು ಅದನ್ನು ರಾತ್ರಿ 50ರಲ್ಲಿ ಕೇಳಿದರೆ ಅಡುಗೆಯಿಂದ ಉಪ್ಪು ತೆಗೆದ ಹಾಗೆ.

ನನ್ನ ಆಯ್ಕೆಯೆಲ್ಲ ನಿಂತಿರುವುದು ಇದರ ಮೇಲೆ. ಮೆಲ್ಲಗೆ ಕೇಳುವವನಿಗೆ ವಾಟ್ ಬೇಡ. ಕಳೆದುಹೋದ ಬೇಸನ್ನು ಬೇಕಾದಾಗ ಮಾತ್ರ ವಾಪಸ್ ತರುವ ಒಂದು ದಾರಿ ಬೇಕು. ಮತ್ತೆ ಸ್ಪೀಕರ್ ಹತ್ತಿರ ಬೇಕು.

ಅಂದಹಾಗೆ ನೀವು ಕೇಳುವುದು ಬರೀ ವಾರ್ತೆ, ಮಾತುಕತೆ ಆಗಿದ್ದರೆ ಇಲ್ಲಿಗೇ ನಿಲ್ಲಿಸಬಹುದು. ಅಪ್ಪ ಬೆಳಿಗ್ಗೆ ಮಡಿಕೇರಿ ಆಕಾಶವಾಣಿಯ 103.1ರಲ್ಲಿ ಕೊಡವ, ಅರೆಭಾಷೆ ಕಾರ್ಯಕ್ರಮ ಕೇಳುವುದು ಅಂಗೈ ಅಗಲದ ರೇಡಿಯೋದಲ್ಲಿ. ಎಷ್ಟು ಮೆಲ್ಲಗಿದ್ದರೂ ಒಂದು ಅಕ್ಷರ ತಪ್ಪುವುದಿಲ್ಲ. ಮಾತನ್ನು ಸ್ಪಷ್ಟ ಮಾಡುವ ದನಿಗಳು ಇರುವುದು ಕಿವಿ ಚುರುಕಾಗಿರುವ ಜಾಗದಲ್ಲೇ. ಅದಕ್ಕೆ ಸಾವಿರಾರು ರೂಪಾಯಿ ಸುರಿಯುವುದು ದಂಡ.

ಮೊದಲು ಸೂರು ನೋಡಿ

ಸ್ಪೀಕರ್ ಎಷ್ಟು ಮೆಲ್ಲಗೆ ಹಾಡಬಹುದು ಅನ್ನುವುದನ್ನು ನಿಮ್ಮ ಮನೆ ನಿರ್ಧರಿಸುತ್ತದೆ. ಸುತ್ತಲಿನ ಸದ್ದಿನ ಕೆಳಗೆ ಹೋದದ್ದು ಯಾವುದೂ ಕೇಳಿಸುವುದಿಲ್ಲ, ಎಷ್ಟೇ ಬೆಲೆಯ ಪೆಟ್ಟಿಗೆ ತಂದರೂ.

ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಭಾಗಮಂಡಲದ ಕಡೆ ಅದಕ್ಕಿಂತ ಜಾಸ್ತಿ. ಶೀಟಿನ ಮಾಡಿನ ಕೆಳಗೆ ಜೋರು ಮಳೆಯ ಆಟಿ ತಿಂಗಳಲ್ಲಿ ಎದುರು ಕೂತವರ ಜೊತೆ ಮಾತಾಡಬೇಕಾದರೂ ಕೂಗಬೇಕು. ಅಂಥ ಮನೆಗೆ ಮೆಲ್ಲಗೆ ಕೇಳುವ ಸ್ಪೀಕರ್ ಅಂತ ಒಂದು ಇಲ್ಲವೇ ಇಲ್ಲ. ಮಳೆಯ ಸದ್ದಿನಲ್ಲಿ ದಪ್ಪ ತೆಳು ಎಲ್ಲ ದನಿಯೂ ಬೆರೆತಿರುತ್ತದೆ, ಹಾಗಾಗಿ ಹಾಡಿನ ಯಾವ ಭಾಗವನ್ನೂ ಅದು ಬಿಡುವುದಿಲ್ಲ. ಸ್ಪೀಕರಿಗೆ ಇಟ್ಟ ದುಡ್ಡನ್ನು ಶೀಟಿನ ಕೆಳಗೊಂದು ಮರದ್ದೋ ಜಿಪ್ಸಮ್ಮಿನದ್ದೋ ಸೀಲಿಂಗ್ ಹಾಕಿಸಲು ಖರ್ಚು ಮಾಡಿ. ಹಾಡು ಕೇಳಿಸದಿದ್ದರೂ ನಿದ್ದೆಯಾದರೂ ಬರುತ್ತದೆ.

ಹೆಂಚಿನ ಮನೆ ಪರವಾಗಿಲ್ಲ. ಮಳೆ ಹೆಂಚಿನ ಮೇಲೆ ಮೆತ್ತಗೆ ಬೀಳುತ್ತದೆ. ಆದರೆ ಮಚ್ಚು, ಅಂದರೆ ಮರದ ಅಟ್ಟ, ಇಲ್ಲದ ಹೆಂಚಿನ ಕೋಣೆಯಲ್ಲಿ ಬೇಸ್ ನಿಲ್ಲುವುದಿಲ್ಲ, ಹೆಂಚಿನ ಸಂದಿಯಿಂದ ಹೊಗೆ ಹೋದ ಹಾಗೆ ಹೋಗಿಬಿಡುತ್ತದೆ. ಇಂಥಲ್ಲಿ ಸ್ಪೀಕರನ್ನು ಗೋಡೆಗೆ ಹತ್ತಿರ ಇಡಬೇಕು. ಆರ್‌ಸಿಸಿ ಮನೆಯ ಚೌಕದ ಕೋಣೆ ಇದಕ್ಕೆ ಉಲ್ಟಾ. ಅಲ್ಲಿ ಬೇಸ್ ತಾನಾಗಿಯೇ ಗುಂಯ್‌ಗುಡುತ್ತದೆ, ಮೂಲೆಗೆ ಇಟ್ಟರಂತೂ ಮುಗಿಯಿತು. ರೆಡ್ ಆಕ್ಸೈಡ್ ನೆಲ ಇದ್ದರೆ ಒಂದು ಜಮಖಾನ ಹಾಸಿ, ಮೇಲಿನ ದನಿಯ ಚೂಪು ಕಡಿಮೆಯಾಗುತ್ತದೆ.

ಕುಶಾಲನಗರದವರಿಗೆ ಮಳೆ ಕಡಿಮೆ, ಲಾರಿ ಜಾಸ್ತಿ. ಕಿಟಕಿಯ ಸಂದಿಗೆ ರಬ್ಬರ್ ಪಟ್ಟಿ ಹಾಕಿಸಿದರೆ ಹೊಸ ಸ್ಪೀಕರ್ ತಂದಷ್ಟು ವ್ಯತ್ಯಾಸ ಕಾಣಬಹುದು. ಜೀರುಂಡೆಗೆ ಮಾತ್ರ ಮದ್ದಿಲ್ಲ. ಅದು ಹಾಡಿನ ಮೇಲಿನ ದನಿಯಲ್ಲೇ ಬಂದು ಕೂರುತ್ತದೆ. ನಾನು ಈಗ ಅದನ್ನು ಶ್ರುತಿ ಅಂದುಕೊಂಡು ಸುಮ್ಮನಿದ್ದೇನೆ.

ಹತ್ತಿರ ಕೂರುವುದು

ದುಡ್ಡಿಲ್ಲದೆ ಆಗುವ ಕೆಲಸ ಇದು, ಆದರೆ ಯಾರೂ ಮಾಡುವುದಿಲ್ಲ. ಸ್ಪೀಕರಿಗೂ ನಿಮಗೂ ಮೂರು ಮೀಟರ್ ಇದ್ದದ್ದನ್ನು ಒಂದೂವರೆಗೆ ಇಳಿಸಿ. ಸ್ಪೀಕರಿನಿಂದ ನೇರವಾಗಿ ಬರುವ ಸದ್ದು ನಿಮಗೆ 6 ಡೆಸಿಬಲ್‌ನಷ್ಟು ಜಾಸ್ತಿಯಾಗುತ್ತದೆ. ಪಕ್ಕದ ಕೋಣೆಯವರಿಗೆ ಒಂದಿಷ್ಟೂ ಜಾಸ್ತಿಯಾಗುವುದಿಲ್ಲ. ಗೋಡೆಗೆ ಬಡಿದು ಬರುವ ಪ್ರತಿಧ್ವನಿಗಿಂತ ನೇರ ಸದ್ದು ಮೇಲಾಗುವುದರಿಂದ ಹಾಡಿನ ಪದವೂ ಬಿಡಿಬಿಡಿಯಾಗಿ ಕೇಳಿಸುತ್ತದೆ.

ಎರಡು ಸ್ಪೀಕರ್ ನಡುವೆ ಎಷ್ಟು ದೂರವೋ ನಿಮಗೂ ಅವಕ್ಕೂ ಅಷ್ಟೇ ದೂರ ಇರಲಿ. ಟ್ವೀಟರ್, ಅಂದರೆ ತೆಳು ದನಿ ಹೊರಡಿಸುವ ಮೇಲಿನ ಚಿಕ್ಕ ಕೋನು, ಕಿವಿಯ ಎತ್ತರಕ್ಕೆ ಬರಲಿ. ನಾನು ಎರಡು ಹಳೆ ಮರದ ಸ್ಟೂಲು ಹಾಕಿ, ಮೇಲೆ ರಬ್ಬರ್ ತುಂಡು ಇಟ್ಟು ಕೂರಿಸಿದ್ದೇನೆ. ಕುರ್ಚಿಯಿಂದ ಒಂದೂಕಾಲು ಮೀಟರ್. "ದೇವರ ಮುಂದೆ ಕೂತ ಹಾಗೆ ಕೂತಿರ್ತೀರಲ್ರೀ" ಅಂತ ಹೆಂಡತಿ ನಗುತ್ತಾಳೆ. ನಗಲಿ.

ಹೀಗೆ ಕೂರುವುದಾದರೆ ಸ್ಪೀಕರ್ ಚಿಕ್ಕದಿರಬೇಕು. ಟವರ್ ಸ್ಪೀಕರಿನಲ್ಲಿ ಮೂರು ನಾಲ್ಕು ಕೋನುಗಳು ಮೇಲಿಂದ ಕೆಳಗೆ ಹಂಚಿಕೊಂಡಿರುತ್ತವೆ. ಅವುಗಳ ದನಿ ಒಂದಾಗಲು ಸಾಮಾನ್ಯವಾಗಿ ಎರಡೂವರೆ ಮೂರು ಮೀಟರ್ ದೂರ ಬೇಕಾಗುತ್ತದೆ. ಹತ್ತಿರ ಕೂತರೆ ಹಾಡುಗಾರನ ತಲೆ ಒಂದು ಕಡೆ, ಹೊಟ್ಟೆ ಇನ್ನೊಂದು ಕಡೆ. ಟವರ್ ಆಳದ ಬೇಸ್ ಕೊಡುತ್ತದೆ ನಿಜ, ಅದರಿಂದ ಮೆಲ್ಲಗೆ ಕೇಳುವಾಗಲೂ ಸ್ವಲ್ಪ ಲಾಭ ಇದೆ. ಆದರೆ ಕಿವಿ ಕಿವುಡಾಗಿರುವ ಜಾಗದಲ್ಲಿ ಅದು ಎಷ್ಟೆಂದು ಕೂಗೀತು? ದೊಡ್ಡ ಹಾಲ್ ಇದ್ದು ಹಗಲು ಜೋರಾಗಿ ಕೇಳುವವರಿಗೆ ಟವರ್ ಸರಿ. ಉಳಿದವರಿಗೆ ಬೇಡ.

ಹಾಗಾದರೆ ಯಾವುದು?

ಬ್ಲೂಟೂತ್ ಡಬ್ಬಿಯಿಂದ ಶುರು ಮಾಡೋಣ, ಎಲ್ಲರ ಮನೆಯಲ್ಲೂ ಒಂದು ಇರುತ್ತದೆ. ಇದನ್ನು ಹೀಗಳೆಯುವುದು ಸುಲಭ, ಆದರೆ ಮೆಲ್ಲಗೆ ಕೇಳುವ ವಿಷಯದಲ್ಲಿ ಇದು ನನ್ನ ಟವರ್‌ಗಿಂತ ಜಾಣ. ಇಂಥ ಹಲವು ಸ್ಪೀಕರುಗಳ ಒಳಗಿನ ಚಿಪ್, ಸದ್ದು ಕಡಿಮೆ ಇದ್ದಾಗ ಬೇಸ್ ಹೆಚ್ಚಿಸಿ, ಜೋರು ಮಾಡಿದಾಗ ಕೋನು ಹರಿಯದಂತೆ ಬೇಸ್ ಇಳಿಸುತ್ತದೆ. ಹಾಗಾಗಿ ಮೆಲ್ಲಗಿದ್ದಾಗಲೇ ತುಂಬಿಕೊಂಡು ಕೇಳಿಸುತ್ತದೆ. ಬ್ಯಾಟರಿ ಇರುವುದರಿಂದ ಮಳೆಗಾಲದಲ್ಲಿ ಕರೆಂಟ್ ಹೋದರೂ ಹಾಡು ನಿಲ್ಲುವುದಿಲ್ಲ, ಇದು ನಮ್ಮ ಕಡೆ ಸಣ್ಣ ಮಾತಲ್ಲ. ಕೊರತೆ ಅಂದರೆ ಒಂದೇ ಡಬ್ಬಿಯಿಂದ ಎಡ ಬಲ ಸಿಗುವುದಿಲ್ಲ. ವೀಣೆ, ಮೃದಂಗ, ತಂಬೂರಿ ಮೂರೂ ಒಂದರ ಮೇಲೊಂದು ಕೂತಿರುತ್ತವೆ. ಇನ್ನೊಂದು ಕಿರಿಕಿರಿ ವಾಲ್ಯೂಮಿನ ಮೆಟ್ಟಿಲು. ಬಹಳಷ್ಟು ಆಂಡ್ರಾಯ್ಡ್ ಫೋನಿನಲ್ಲಿ ಹಾಡಿನ ವಾಲ್ಯೂಮಿಗೆ ಇರುವುದು 15 ಮೆಟ್ಟಿಲು. ರಾತ್ರಿ ಎರಡನೆಯದು ಕಡಿಮೆ, ಮೂರನೆಯದು ಜಾಸ್ತಿ. ಫೋನಿನ ಡೆವಲಪರ್ ಆಯ್ಕೆಗಳಲ್ಲಿ ಅಬ್ಸಲ್ಯೂಟ್ ವಾಲ್ಯೂಮ್ ಅನ್ನುವುದನ್ನು ನಿಲ್ಲಿಸಿದರೆ ಫೋನಿನ ವಾಲ್ಯೂಮ್ ಬೇರೆ, ಸ್ಪೀಕರಿನದ್ದು ಬೇರೆ ಆಗುತ್ತದೆ. ಆಗ ಎರಡರ ನಡುವೆ ಬೇಕಾದ ಹದ ಸಿಗುತ್ತದೆ. ಅಡುಗೆಮನೆಗೆ, ಕಾಫಿ ಕಣದ ಕೆಲಸಕ್ಕೆ ಇದೇ ಸಾಕು.

ಸೌಂಡ್‌ಬಾರ್ ಟಿವಿಗೆ. ಅದರ ನೈಟ್ ಮೋಡ್ ಸಿನಿಮಾದ ಜೋರು ಸದ್ದನ್ನು ತಗ್ಗಿಸಿ ಮಾತನ್ನು ಎತ್ತುತ್ತದೆ, ಒಳ್ಳೆಯದೇ. ಬೇಸಿಗೆಂದೇ ಇರುವ ಸಬ್‌ವೂಫರ್ ಪೆಟ್ಟಿಗೆ ಜೊತೆಗಿದ್ದರೆ ರಿಮೋಟಿನಲ್ಲೇ ಬೇಸ್ ಎರಡು ಮೂರು ಹೆಜ್ಜೆ ಏರಿಸಬಹುದು. ಹಾಡಿಗೆ ಅಂತಲೇ ಕೊಳ್ಳಬೇಡಿ.

ನನ್ನ ಪ್ರಕಾರ ನಮ್ಮ ಕಡೆಯ ಬಹಳ ಮನೆಗೆ ಹೊಂದುವುದು ಆಕ್ಟಿವ್ ಬುಕ್‌ಶೆಲ್ಫ್ ಜೋಡಿ, ಅಂದರೆ ಶೆಲ್ಫಿನ ಮೇಲೆ ಕೂರುವಷ್ಟು ಚಿಕ್ಕ ಎರಡು ಸ್ಪೀಕರ್. ಸದ್ದನ್ನು ಬೆಳೆಸುವ ಆಂಪ್ಲಿಫೈಯರ್, ಅಂದರೆ ಆಂಪ್, ಒಳಗೇ ಇರುತ್ತದೆ, ಒಂದು ಪ್ಲಗ್ ಸಾಕು. ಎಡಿಫೈಯರ್ ಆರ್1280ಡಿಬಿ ತರಹದ್ದನ್ನು ಉದಾಹರಣೆಗೆ ತಗೊಳ್ಳಿ. ನಾಲ್ಕು ಇಂಚಿನ ಕೋನು, ಬ್ಲೂಟೂತ್, ರಿಮೋಟ್, ಟಿವಿಯಿಂದ ಆಪ್ಟಿಕಲ್ ವೈರು ಹಾಕುವ ಜಾಗ. ನನಗೆ ಮುಖ್ಯ ಅನ್ನಿಸುವುದು ಪಕ್ಕದಲ್ಲಿರುವ ಬೇಸ್, ಟ್ರೆಬಲ್ (ತೆಳು ದನಿ) ಗುಂಡಿಗಳು. ರಾತ್ರಿ ಬೇಸ್ ಏರಿಸು, ಹಗಲು ಇಳಿಸು. ಅಷ್ಟೇ ಕೆಲಸ. ಗಾಳಿ ಬರುವ ತೂತು ಮುಂದುಗಡೆ ಇರುವುದರಿಂದ ಗೋಡೆಗೆ ಒತ್ತಿ ಇಡಲೂ ತೊಂದರೆ ಇಲ್ಲ. ಗೋಡೆಯ ಹತ್ತಿರ ಇಟ್ಟಾಗ ಬೇಸ್ ತಾನಾಗಿಯೇ ಕೆಲವು ಡೆಸಿಬಲ್ ಏರುತ್ತದೆ. ಸ್ಪೀಕರ್ ಕಂಪನಿಗಳು ಗೋಡೆಯಿಂದ ದೂರ ಇಡಿ ಅಂತ ಬರೆದಿರುತ್ತವೆ. ಜೋರಾಗಿ ಕೇಳುವವರಿಗೆ ಆ ಮಾತು. ನಮಗೆ ಗೋಡೆಯೇ ಪುಕ್ಕಟೆ ಬೇಸ್ ಗುಂಡಿ.

ಇದೇ ಜಾತಿಯಲ್ಲಿ ಸ್ಟುಡಿಯೋ ಮಾನಿಟರ್ ಅಂತ ಇನ್ನೊಂದಿದೆ. ಅಂತರ್ಜಾಲದಲ್ಲಿ ಅದನ್ನು ಹೊಗಳುವವರು ಜಾಸ್ತಿ. ದನಿ ನಿಖರ, ಒಪ್ಪುತ್ತೇನೆ. ಆದರೆ ಕಡಿಮೆ ಬೆಲೆಯ ಮಾನಿಟರ್‌ಗಳಲ್ಲಿ ಹಾಡು ಇಲ್ಲದಾಗಲೂ ಟ್ವೀಟರಿನಿಂದ ಸೊಯ್ ಅನ್ನುವ ಸದ್ದು ಬರುತ್ತಿರುತ್ತದೆ. ಎರಡು ಮೀಟರ್ ಆಚೆ, ಹಗಲಲ್ಲಿ ಗೊತ್ತಾಗುವುದಿಲ್ಲ. ಒಂದು ಮೀಟರಿನಲ್ಲಿ, ಜನವರಿಯ ರಾತ್ರಿ ಹನ್ನೊಂದಕ್ಕೆ, ಅದೊಂದೇ ಕೇಳಿಸುತ್ತದೆ. ಹತ್ತಿರ ಕೂರುವವರು ಖರೀದಿಗೆ ಮೊದಲು ಹಾಡು ನಿಲ್ಲಿಸಿ ಕಿವಿ ಕೊಟ್ಟು ನೋಡಲೇಬೇಕು.

ಇನ್ನು ನನ್ನ ಈಗಿನ ಜೋಡಣೆ. ಬೇರೆ ಆಂಪ್, ಬೇರೆ ಪ್ಯಾಸಿವ್ ಸ್ಪೀಕರ್, ಅಂದರೆ ಒಳಗೆ ಆಂಪ್ ಇಲ್ಲದ್ದು. ದುಡ್ಡು ಜಾಸ್ತಿ, ವೈರು ಜಾಸ್ತಿ. ಆದರೂ ಇದಕ್ಕೆ ಬಂದದ್ದು ಒಂದೇ ಒಂದು ಗುಂಡಿಗಾಗಿ. ಹಳೆ ಕಾಲದ ಆಂಪ್‌ಗಳಲ್ಲಿ ಲೌಡ್‌ನೆಸ್ ಅಂತ ಒಂದು ಬಟನ್ ಇರುತ್ತಿತ್ತು, ನೆನಪಿದೆಯಾ? ನಾವೆಲ್ಲ ಅದನ್ನು ಜೋರು ಮಾಡುವ ಬಟನ್ ಅಂದುಕೊಂಡು ಯಾವಾಗಲೂ ಒತ್ತಿಟ್ಟಿರುತ್ತಿದ್ದೆವು. ಅದು ಇದ್ದದ್ದು ಫ್ಲೆಚರ್, ಮನ್ಸನ್ ನಕ್ಷೆಯ ಪ್ರಕಾರ ಮೆಲ್ಲಗೆ ಕೇಳುವಾಗ ಬೇಸ್ ತುಂಬಿಕೊಡಲು. ಯಮಹಾದ ಎ-ಎಸ್301 ತರಹದ ಆಂಪ್‌ಗಳಲ್ಲಿ ಇದು ತಿರುಗಿಸುವ ಗುಂಡಿಯಾಗಿ ಬರುತ್ತದೆ. ಬಳಸುವ ರೀತಿ ಸ್ವಲ್ಪ ವಿಚಿತ್ರ. ಲೌಡ್‌ನೆಸ್ಸನ್ನು ಫ್ಲಾಟ್‌ನಲ್ಲಿಟ್ಟು, ನೀವು ಅತಿ ಜೋರಾಗಿ ಕೇಳುವ ಮಟ್ಟಕ್ಕೆ ವಾಲ್ಯೂಮ್ ಇಡಬೇಕು. ಆಮೇಲೆ ವಾಲ್ಯೂಮ್ ಮುಟ್ಟಬಾರದು. ಲೌಡ್‌ನೆಸ್ ಗುಂಡಿಯನ್ನೇ ತಿರುಗಿಸಿ ಸದ್ದು ಇಳಿಸಬೇಕು. ಆಗ ಮಧ್ಯದ ದನಿ ಇಳಿಯುತ್ತದೆ, ಬೇಸ್ ಅಷ್ಟಾಗಿ ಇಳಿಯುವುದಿಲ್ಲ. ಮೊದಲ ಸಲ ಹೀಗೆ ಮಾಡಿದಾಗ ಅಪ್ಪ ಎದ್ದೇಳದ ಸದ್ದಿನಲ್ಲಿ ಡಗ್ಗಾ ವಾಪಸ್ ಬಂತು.

ಹೋಂ ಥಿಯೇಟರ್ ರಿಸೀವರ್ ಇರುವವರು ಹೊಸದೇನೂ ಕೊಳ್ಳಬೇಕಾಗಿಲ್ಲ. ಡೆನಾನ್, ಮರಾಂಟ್ಸ್ ರಿಸೀವರುಗಳಲ್ಲಿ ಆಡಿಸ್ಸಿ ಡೈನಮಿಕ್ ಇಕ್ಯೂ ಇದ್ದರೆ ಅದು ಇದೇ ಕೆಲಸವನ್ನು ವಾಲ್ಯೂಮ್ ನೋಡಿಕೊಂಡು ತಾನೇ ಮಾಡುತ್ತದೆ. ಮೊದಲು ಅದರ ಮೈಕ್ ಇಟ್ಟು ಕೋಣೆಯನ್ನು ಅಳೆಯಬೇಕು. ಹಾಡಿಗೆ ಬೇಸ್ ಅತಿಯಾಯಿತು ಅನ್ನಿಸಿದರೆ ರೆಫರೆನ್ಸ್ ಆಫ್‌ಸೆಟ್ ಅನ್ನು 10 ಅಥವಾ 15ಕ್ಕೆ ಇಡಿ.

ಆಂಪ್‌ಗೆ ಜೊತೆಯಾಗಿ ಎಂಥ ಪ್ಯಾಸಿವ್ ಸ್ಪೀಕರ್? ಇಲ್ಲಿ ನನ್ನ ಗುರು ಬಿಬಿಸಿ. 1970ರ ದಶಕದಲ್ಲಿ ಅವರು ಎಲ್‌ಎಸ್3/5ಎ ಅನ್ನುವ ಪುಟ್ಟ ಸ್ಪೀಕರ್ ಮಾಡಿಸಿದರು. ಹೊರಾಂಗಣ ಪ್ರಸಾರದ ವ್ಯಾನಿನೊಳಗೆ, ಒಬ್ಬ ಎಂಜಿನಿಯರ್ ಮೂಗಿನ ಮುಂದೆ ಇಟ್ಟುಕೊಂಡು ಕೇಳಲು. ಇಕ್ಕಟ್ಟು ಜಾಗ, ಹತ್ತಿರ ಕೂತ ಕಿವಿ, ಜೋರು ಮಾಡುವ ಹಾಗಿಲ್ಲ. ನಮ್ಮದೇ ಕಥೆ, ಅಲ್ವಾ? ಮುಂದೆ ಅದರ ನೆರಳಿನಲ್ಲೇ ಕೆಇಎಫ್ ಕಂಪನಿ 2012ರಲ್ಲಿ ಎಲ್‌ಎಸ್50 ತಂದಿತು. ಅದರಲ್ಲಿ ಟ್ವೀಟರ್ ದೊಡ್ಡ ಕೋನಿನ ನಡುವೆಯೇ ಕೂತಿರುತ್ತದೆ. ಎಲ್ಲ ದನಿಯೂ ಒಂದೇ ಬಿಂದುವಿನಿಂದ ಹೊರಡುವುದರಿಂದ ಎಷ್ಟು ಹತ್ತಿರ ಕೂತರೂ ಒಡೆದು ಕೇಳಿಸುವುದಿಲ್ಲ. ಬೆಲೆ ಎಲ್ಲರಿಗೂ ಎಟಕುವಂಥದ್ದಲ್ಲ. ಆದರೆ ಟ್ವೀಟರ್ ಹೀಗೆ ನಡುವೆ ಇರುವ ಸ್ಪೀಕರನ್ನು ಕಡಿಮೆ ಬೆಲೆಯಲ್ಲೂ ಹುಡುಕಬಹುದು. ಹಳೆಯದು ಸಿಕ್ಕರೆ ಬಿಡಬೇಡಿ. ಕೋಲ್ಕತ್ತದ ಸೋನೋಡೈನ್‌ನವರ ಹಳೆ ಬುಕ್‌ಶೆಲ್ಫ್ ಜೋಡಿಗಳು ಕೂಡ ಕೆಲವೊಮ್ಮೆ ಮಾರಾಟಕ್ಕೆ ಬರುತ್ತವೆ, ಕೋನು ಚೆನ್ನಾಗಿದ್ದರೆ ಕಣ್ಣು ಮುಚ್ಚಿ ತಗೊಳ್ಳಿ.

ಸಬ್‌ವೂಫರ್ ಸೇರಿಸುವುದು? ತಾಳ್ಮೆ ಇದ್ದರೆ ಎಲ್ಲಕ್ಕಿಂತ ಒಳ್ಳೆಯ ಉಪಾಯ ಅದೇ. ರಾತ್ರಿ ಅದರ ಗುಂಡಿಯೊಂದನ್ನೇ ಸ್ವಲ್ಪ ಏರಿಸಿದರೆ ಆಯಿತು. ಆದರೆ ಗೋಡೆ ದಾಟಿ ಹೋಗುವುದೂ ಬೇಸೇ. ಪಕ್ಕದ ಕೋಣೆಯವರಿಗೆ ಹಾಡು ಕೇಳಿಸುವುದಿಲ್ಲ, ಗುದ್ದು ಮಾತ್ರ ಕೇಳಿಸುತ್ತದೆ. ಹಳೆ ಮನೆಯ ಮರದ ಮಚ್ಚಿನ ಮೇಲಿಟ್ಟರೆ ಇಡೀ ಮನೆಯೇ ಸ್ಪೀಕರ್. ನಮ್ಮಲ್ಲಿ ಅಪ್ಪ ಮೂರನೇ ದಿನ ಬೆಳಿಗ್ಗೆ ಕಾಫಿ ಕುಡಿಯುತ್ತಾ "ರಾತ್ರಿ ಯಾರೋ ಭತ್ತ ಕುಟ್ತಿದ್ದರು" ಅಂದರು. ಅಲ್ಲಿಗೆ ಆ ಅಧ್ಯಾಯ ಮುಗಿಯಿತು.

ಸೆನ್ಸಿಟಿವಿಟಿ ಅನ್ನುವ ಗೊಂದಲ

ಮೆಲ್ಲಗೆ ಕೇಳುವುದಾದರೆ ಹೈ ಸೆನ್ಸಿಟಿವಿಟಿ ಸ್ಪೀಕರ್ ತಗೊಳ್ಳಿ ಅಂತ ಹೇಳುವವರಿದ್ದಾರೆ. ಕ್ಲಿಪ್ಶ್ ತರಹದ ಹಾರ್ನ್ ಇರುವ ಸ್ಪೀಕರನ್ನು ತೋರಿಸುತ್ತಾರೆ. ಸೆನ್ಸಿಟಿವಿಟಿ ಅಂದರೆ ಅಷ್ಟೇ ಕರೆಂಟಿಗೆ ಎಷ್ಟು ಸದ್ದು ಅನ್ನುವ ಲೆಕ್ಕ. 86 ಡೆಸಿಬಲ್‌ನ ಸ್ಪೀಕರಿಗೆ 4 ವಾಟ್ ಬೇಕಾದ ಕಡೆ 92ರದ್ದಕ್ಕೆ 1 ವಾಟ್ ಸಾಕು. ಆದರೆ ರಾತ್ರಿ ನಾವು ಬಳಸುವುದೇ ಒಂದು ವಾಟಿನ ಚೂರು. ಅಲ್ಲಿ ಉಳಿತಾಯ ಮಾಡಿ ಏನು ಸಿಗುತ್ತದೆ? ಕೋನು ಚಿಕ್ಕ ಸದ್ದಿಗೆ ಎಚ್ಚರವಾಗುವುದಿಲ್ಲ, ತಳ್ಳಿ ಎಬ್ಬಿಸಬೇಕು ಅನ್ನುವ ಮಾತಿನಲ್ಲೂ ಹುರುಳಿಲ್ಲ. ಬೇಸನ್ನು ನುಂಗುವುದು ಕೋನು ಅಲ್ಲ, ಕಿವಿ.

ಇನ್ನೂ ಒಂದು ತೊಂದರೆ ಇದೆ. ಆಂಪ್‌ನ ಹಳೇ ಬಗೆಯ ವಾಲ್ಯೂಮ್ ಗುಂಡಿ ತಿರುಗಿಸಲು ಶುರು ಮಾಡಿದ ಜಾಗದಲ್ಲಿ ಎಡ, ಬಲ ಸಮ ಇರುವುದಿಲ್ಲ. ಒಂದು ಕಡೆ ಸದ್ದು ಮೊದಲು ಬರುತ್ತದೆ, ಇನ್ನೊಂದು ಕಡೆ ಆಮೇಲೆ. ಸ್ಪೀಕರ್ ಬಹಳ ಸೆನ್ಸಿಟಿವ್ ಆದರೆ ಗುಂಡಿ ಯಾವಾಗಲೂ ಆ ಜಾಗದಲ್ಲೇ ಇರಬೇಕಾಗುತ್ತದೆ. ಹಾಡುಗಾರ ನಡುವೆ ನಿಲ್ಲದೆ ಎಡಕ್ಕೆ ವಾಲುತ್ತಾನೆ. ಆಂಪ್‌ನ ಸೊಯ್ ಸದ್ದೂ ಸೆನ್ಸಿಟಿವ್ ಸ್ಪೀಕರಿನಲ್ಲಿ ಜಾಸ್ತಿ ಕೇಳಿಸುತ್ತದೆ. ಈಗಾಗಲೇ ಅಂಥದ್ದು ತಂದಿದ್ದರೆ ಬೇಜಾರಾಗಬೇಡಿ. ಫೋನಿನಲ್ಲೋ ಲ್ಯಾಪ್‌ಟಾಪಿನಲ್ಲೋ ವಾಲ್ಯೂಮ್ ಅರ್ಧಕ್ಕೆ ಇಳಿಸಿ, ಆಂಪ್ ಗುಂಡಿಯನ್ನು ಒಂಬತ್ತು ಗಂಟೆಯ ಮುಳ್ಳಿನ ಜಾಗ ದಾಟಿಸಿ.

ನಮ್ಮ ಕಡೆಯ ಕಾಟಗಳು

ಯುಪಿಎಸ್ ಮೊದಲು. ಸ್ಕ್ವೇರ್ ವೇವ್ ಯುಪಿಎಸ್ ಇರುವ ಮನೆಯಲ್ಲಿ ಕರೆಂಟ್ ಹೋದ ತಕ್ಷಣ ಆಂಪ್‌ನ ಟ್ರಾನ್ಸ್‌ಫಾರ್ಮರ್ ಜೇನುಹುಟ್ಟಿನ ಹಾಗೆ ಗುಂಯ್ ಅನ್ನತೊಡಗುತ್ತದೆ. ಫ್ಯಾನು ಅನ್ನುವುದನ್ನು ಕೇಳಿದ್ದೀರಲ್ಲ, ಅದೇ. ಜೋರು ಹಾಡಿನಲ್ಲಿ ಮುಚ್ಚಿಹೋಗುತ್ತದೆ, ಮೆಲ್ಲಗಿನ ಹಾಡಿನಲ್ಲಿ ಹೋಗುವುದಿಲ್ಲ. ಪ್ಯೂರ್ ಸೈನ್ ವೇವ್ ಯುಪಿಎಸ್ ಆದರೆ ಈ ಕಾಟ ಇಲ್ಲ. ಡಿಶ್ ಅಥವಾ ಕೇಬಲ್ ಜೋಡಿಸಿದ ಟಿವಿಗೆ ಸ್ಪೀಕರ್ ಹಾಕಿದಾಗ ಬರುವ ಗುಂಯ್ ಬೇರೆ, ಅದು ಅರ್ಥಿಂಗಿನದ್ದು. ಎರಡನ್ನೂ ಒಂದೇ ಬೋರ್ಡಿಗೆ ಹಾಕಿ ನೋಡಿ. ಅಥವಾ ಆಪ್ಟಿಕಲ್ ವೈರು ಬಳಸಿ, ಅದರಲ್ಲಿ ಕರೆಂಟೇ ಹರಿಯುವುದಿಲ್ಲ.

ಕಾಫಿ ಹೂ ಬಿಡಿಸುವ ಹೂ ಮಳೆಯ ಕಾಲದಲ್ಲಿ ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ಬೂಷ್ಟು ಇನ್ನೊಂದು. ಹಳೆ ಸ್ಪೀಕರ್ ಕೊಳ್ಳುವಾಗ ಕೋನಿನ ಸುತ್ತಲಿನ ಉಂಗುರ ಒತ್ತಿ ನೋಡಿ. ಅದು ಫೋಮ್ ಆಗಿದ್ದರೆ ನಮ್ಮ ತೇವದಲ್ಲಿ ಕೆಲವು ವರ್ಷಕ್ಕೆ ಪುಡಿಪುಡಿಯಾಗುತ್ತದೆ. ರಬ್ಬರಿನದ್ದು ಬಾಳಿಕೆ ಬರುತ್ತದೆ. ಮಳೆಗಾಲದಲ್ಲಿ ಸ್ಪೀಕರನ್ನು ಬಟ್ಟೆ ಹೊದೆಸಿ ಮುಚ್ಚಿಡುವುದು ತಪ್ಪು, ಬೂಷ್ಟಿಗೆ ಕಂಬಳಿ ಹೊದಿಸಿದ ಹಾಗೆ. ತೆರೆದಿಟ್ಟು ದಿನಾ ಒಂದು ಗಂಟೆ ಹಾಡಿಸಿ. ಹಾಡಿಸದ ಹೊತ್ತಿನಲ್ಲಿ ಹಿಂದಿನ ತೂತಿಗೆ ಮಾತ್ರ ಒಂದು ಹಳೆ ಕಾಲುಚೀಲ ತುರುಕಿ. ನಾನು ತುರುಕಿರಲಿಲ್ಲ, ಕಣಜವೊಂದು ಒಳಗೆ ಮಣ್ಣಿನ ಗೂಡು ಕಟ್ಟಿತ್ತು. ಬೇಸ್ ಯಾಕೋ ಕಮ್ಮಿಯಾಯಿತಲ್ಲ ಅಂತ ಒಂದು ತಿಂಗಳು ವೈರು ಬದಲಾಯಿಸುತ್ತಾ ಕೂತಿದ್ದೆ.

ಕೊನೆಯದು ತಾನಾಗಿ ಆಫ್ ಆಗುವ ಚಾಳಿ. ಕರೆಂಟ್ ಉಳಿಸಲು ಕೆಲವು ಆಕ್ಟಿವ್ ಸ್ಪೀಕರುಗಳು ಹಾಡು ಇಲ್ಲ ಅನ್ನಿಸಿದಾಗ ನಿದ್ದೆಗೆ ಹೋಗುತ್ತವೆ. ತೊಂದರೆ ಏನೆಂದರೆ ಮೆಲ್ಲಗಿನ ಹಾಡೂ ಅವಕ್ಕೆ ಹಾಡೇ ಅಲ್ಲ. ನಾನು ಒಂದು ಜೋಡಿಯನ್ನು ಇದೊಂದೇ ಕಾರಣಕ್ಕೆ ವಾಪಸ್ ಕಳಿಸಿದೆ. ಆಲಾಪದ ಮಧ್ಯೆ ಟಕ್ ಅಂತ ಆರಿಹೋಗುತ್ತಿತ್ತು. ಈ ಸೌಲಭ್ಯವನ್ನು ನಿಲ್ಲಿಸುವ ಸ್ವಿಚ್ ಹಿಂದುಗಡೆ ಇದೆಯೇ ಅಂತ ಕೊಳ್ಳುವ ಮೊದಲೇ ಕೇಳಿ. ಇಲ್ಲದಿದ್ದರೆ ಬೇಡ.

ಕೇಳಿ ನೋಡುವುದು

ಮೈಸೂರಿಗೋ ಬೆಂಗಳೂರಿಗೋ ಹೋಗಿ ಶೋರೂಮಿನಲ್ಲಿ ಕೇಳುವುದಾದರೆ ಒಂದು ಮಾತು. ಎರಡು ಸ್ಪೀಕರ್ ಹೋಲಿಸುವಾಗ ಸ್ವಲ್ಪ ಜೋರಾಗಿರುವುದು ಯಾವಾಗಲೂ ಚೆನ್ನಾಗಿ ಕೇಳಿಸುತ್ತದೆ. ಇದು ಮಾರುವವರಿಗೂ ಗೊತ್ತು. "ಇಬ್ಬರು ಮಾತಾಡುವಷ್ಟು ಸದ್ದಿಗೆ ಇಳಿಸಿ, ಎಸಿ ಒಂದು ನಿಮಿಷ ನಿಲ್ಲಿಸಿ" ಅಂತ ಸಂಕೋಚ ಬಿಟ್ಟು ಕೇಳಿ. ನಿಮಗೆ ಬಾಯಿಪಾಠ ಆಗಿರುವ ಹಾಡನ್ನೇ ತಗೊಂಡು ಹೋಗಿ. ನಾನು ಒಯ್ಯುವುದು ದೊರೆಸ್ವಾಮಿ ಅಯ್ಯಂಗಾರರ ವೀಣೆ. ಮೈಸೂರು ಬಾನಿಯ ಮೆದು ಮೀಟು, ಕೆಳಗಿನ ತಂತಿ ಮಿಡಿದಾಗ ಅದರ ನಾದ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ನೋಡುತ್ತೇನೆ. ಅದರ ಜೊತೆ ತಬಲಾ ಇರುವ ಒಂದು ಭಾವಗೀತೆ. ಡಗ್ಗಾದ ಗುಮುಕು ಕೇಳಿಸಿದರೆ ಪಾಸ್.

ಆನ್‌ಲೈನಿನಲ್ಲಿ ತರಿಸುವುದಾದರೆ ವಾಪಸ್ ಕೊಡುವ ಅವಕಾಶ ಎಷ್ಟು ದಿನ ಅಂತ ನೋಡಿಕೊಂಡು, ಆ ದಿನಗಳಲ್ಲಿ ಹಗಲು ಪರೀಕ್ಷೆ ಮಾಡಬೇಡಿ. ನಾವು ಮಾಡಿದ್ದು ಹೀಗೆ. ಎಂಟೂವರೆ ಆದ ಮೇಲೆ ಹೆಂಡತಿ ಅಪ್ಪನ ಕೋಣೆಯ ಬಾಗಿಲಿಗೆ ಕಿವಿ ಇಟ್ಟು ನಿಂತಳು. ನಾನು ಕುರ್ಚಿಯಲ್ಲಿ ಕೂತು ಲೌಡ್‌ನೆಸ್ ಗುಂಡಿಯನ್ನು ನಿಧಾನ ಏರಿಸುತ್ತಾ ಹೋದೆ. ಅಲ್ಲಿ ಕೇಳಿಸಿದ ಕೂಡಲೇ ಅವಳು ಕೈ ಎತ್ತಿದಳು. ಒಂದು ಕೂದಲೆಳೆ ಇಳಿಸಿದೆ, ಕೈ ಇಳಿಯಿತು. ಅವಳೇ ಹೋಗಿ ನೇಲ್ ಪಾಲಿಶ್ ತಂದು ಗುಂಡಿಯ ಪಕ್ಕ ಒಂದು ಕೆಂಪು ಚುಕ್ಕಿ ಇಟ್ಟಳು. ಮಳೆಗಾಲಕ್ಕೆ ಅಂತ ಅದರ ಮೇಲೆ ಇನ್ನೊಂದು ಚುಕ್ಕಿ ಆಮೇಲೆ ಬಂತು.